ಎಸೆದ ಟೀ ಶರ್ಟಿನಿಂದ ನೆಲಹಾಸು: ನನ್ನ ಅನುಭವ

ಹಳೆ ಟೀ ಶರ್ಟ್ ಕತ್ತರಿಸಿ ನೆಲಹಾಸು ನೇಯುವುದು ಹವ್ಯಾಸಕ್ಕೆ ಸರಿ, ಹೊಟ್ಟೆಪಾಡಿಗಲ್ಲ ಅಂತ ಮಗ್ಗದ ಗೆಳೆಯರೆಲ್ಲ ಹೇಳಿದ್ದರು. ಈಗ ಹತ್ತಿರ ಹತ್ತಿರ ಒಂದು ವರ್ಷದಿಂದ ಕೂಲಿ, ಕರೆಂಟು ಕಳೆದೂ ದುಡ್ಡು ಉಳಿಯುತ್ತಿದೆ.

ಮೊದಲು ಉಳಿಯುತ್ತಿರಲಿಲ್ಲ. ಬಟ್ಟೆ ಪುಕ್ಕಟೆ ಸಿಗುತ್ತದೆ, ವಿಂಗಡಿಸುವ ಕೂಲಿ ಪುಕ್ಕಟೆಯಲ್ಲ. ಮೂಟೆ ಬಿಚ್ಚಿದರೆ ಮೂರರಲ್ಲಿ ಒಂದು ಪಾಲು ಕೆಲಸಕ್ಕೆ ಬಂದರೆ ಹೆಚ್ಚು. ನಾಲ್ಕು ದಿನ ಹಾಕಿ ಎಸೆಯಲೆಂದೇ ಹೊಲಿದ ಬಟ್ಟೆ ಅಲ್ವಾ, ಒಂದೇ ಎಳೆತಕ್ಕೆ ಹರಿಯುತ್ತದೆ. ನನ್ನ ಮೂಟೆಗಳಲ್ಲಿ ಹತ್ತು ವರ್ಷ ಹಳೆಯ ಶರ್ಟೇ ಗಟ್ಟಿ. ಒಂದು ಹತ್ತಿ ಟೀ ಶರ್ಟಿಗೆ ಸುಮಾರು 2,700 ಲೀಟರ್ ನೀರು ಬೇಕು. ಅಷ್ಟು ನೀರು ಕುಡಿದ ಬಟ್ಟೆ ಹೀಗೆ ಬಂದಾಗ ಸಿಟ್ಟು ಬರುತ್ತದೆ.

ದೊಡ್ಡ ಹೊಡೆತ ಕೊಟ್ಟಿದ್ದು ಎಲಾಸ್ಟೇನ್, ಅಂದರೆ ಬಟ್ಟೆ ರಬ್ಬರಿನಂತೆ ಎಳೆದು ಹಿಗ್ಗಲು ಸೇರಿಸುವ ನಾರು. ನೂರಕ್ಕೆ ನಾಲ್ಕೈದು ಪಾಲು ಇದ್ದರೂ ಸಾಕು, ಮಗ್ಗದಿಂದ ಇಳಿಸಿದ ಮೇಲೆ ನೆಲಹಾಸಿನ ಅಂಚು ದೋಣಿಯಂತೆ ಮೇಲೇಳುತ್ತದೆ. ಅಂಥ ನೆಲಹಾಸುಗಳನ್ನು ಯಾರೂ ಕೊಳ್ಳಲಿಲ್ಲ. ಹೊಸ ಹಾಸುನೂಲಿನ (ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ನೂಲು) ದುಡ್ಡೂ ಹೋಯಿತು. ಲೇಬಲ್ ನೋಡೋಣವೆಂದರೆ ಅರ್ಧಕ್ಕರ್ಧ ಬಟ್ಟೆಗೆ ಅದು ಇರುವುದೇ ಇಲ್ಲ.

ಕೊನೆಗೆ ಕೆಲಸದ ಕ್ರಮವನ್ನೇ ತಿರುಗಿಸಿದೆ. ಎಲ್ಲರೂ ಮೊದಲು ಒಗೆದು, ಆಮೇಲೆ ಬಣ್ಣ ನೋಡಿ ವಿಂಗಡಿಸುತ್ತಾರೆ. ನಾನು ಮೊದಲು ಎಳೆದು ಬಿಡುತ್ತೇನೆ. ಟಕ್ಕನೆ ಹಿಂದಕ್ಕೆ ಬಂದರೆ ಪಕ್ಕಕ್ಕೆ. ಉಳಿದದ್ದರ ಒಂದೊಂದು ಚೂರು ಸುಡುತ್ತೇನೆ. ಕಾಗದದ ವಾಸನೆ, ಮೆತ್ತನೆ ಬೂದಿ ಬಂದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಎರಡೂ ಕಂಡರೆ ಮಿಶ್ರಣ. ಆಮೇಲಷ್ಟೇ ಒಗೆತ. ಆ ಖರ್ಚು ಅರ್ಧಕ್ಕಿಂತ ಕೆಳಗಿಳಿಯಿತು. ಪಟ್ಟಿಯ ಅಗಲ ಎರಡು ಸೆಂಟಿಮೀಟರ್ ಆಸುಪಾಸು. ಮಿಶ್ರಣದ ಪಟ್ಟಿಯನ್ನು ಹೊಕ್ಕಿಗೆ (ಅಡ್ಡಕ್ಕೆ ನೇಯುವ ಎಳೆಗೆ) ಹೇಗೆ ಸೇರಿಸುತ್ತೇನೆ, ಇಳಿಸುವ ಮುಂಚೆ ಏನು ಮಾಡುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನನ್ನ ಬಂಡವಾಳವೇ ಅದು.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಮಾಸಿದ ಹತ್ತಿ ಶರ್ಟುಗಳಿಗೆ ಹತ್ತಿಗೆ ಅಂಟಿ ನಿಲ್ಲುವ ರಿಯಾಕ್ಟಿವ್ ಬಣ್ಣ, ಅದು ಹಿಡಿಯಲು ಸೋಡಾ ಆಷ್ (ಒಗೆಯುವ ಸೋಡಾ) ಹಾಕಿ ಕಡುನೀಲಿ ಮಾಡಿದೆ. ಬಟ್ಟೆ ಬಣ್ಣ ಹೀರಿತು, ಪಾಲಿಯೆಸ್ಟರ್ ಹೊಲಿಗೆದಾರ ಬೆಳ್ಳಗೇ ಉಳಿಯಿತು. ಗಿರಾಕಿಗಳಿಗೆ ಆ ಬಿಳಿ ಗೆರೆಯೇ ಹಿಡಿಸಿತು! ಚೂರುಗಳನ್ನು ದಿಂಬಿಗೂ ತುಂಬಿದೆ. ಒಂದೇ ಒಗೆತಕ್ಕೆ ಗಂಟುಗಟ್ಟಿತು, ಬಿಟ್ಟೆ.

ಪೂರ್ತಿ ಪಾಲಿಯೆಸ್ಟರ್ ಬಟ್ಟೆ ಮೂಟೆ ಮೂಟೆ ಉಳಿದಿದೆ. ಜಗತ್ತಿನಲ್ಲಿ ತಯಾರಾಗುವ ನಾರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಈಗ ಅದೇ. ಪೆಟ್ರೋಲಿಯಂನಿಂದ ಬಂದದ್ದು, ಮಣ್ಣಿನಲ್ಲಿ ಬೇಗ ಕೊಳೆಯುವುದೂ ಇಲ್ಲ. ಸದ್ಯ ನೆಲಹಾಸಿನ ಅಡಿಪದರಕ್ಕೆ ಹಾಕಿ ನೋಡುತ್ತಿದ್ದೇನೆ. ತುಳಿತಕ್ಕೆ ತಡೆದರೆ ಆ ಮೂಟೆಗಳಿಗೂ ಬೆಲೆ ಬರುತ್ತದೆ.