ಊರಿನ ಬಜೆಟ್ ಓದುವುದು ಹೇಗೆ? ಭಾಷಣ ಬಿಡಿ, ಕೋಷ್ಟಕ ಹಿಡಿಯಿರಿ

ಫೆಬ್ರುವರಿ, ಮಾರ್ಚ್ ಬಂತೆಂದರೆ ಶಿವಮೊಗ್ಗದಿಂದ ಹೊಸನಗರದವರೆಗೆ ಪತ್ರಿಕೆಗಳಲ್ಲಿ ಒಂದೇ ಬಗೆಯ ತಲೆಬರಹ: ‘ಉಳಿತಾಯ ಬಜೆಟ್ ಮಂಡನೆ’. ಜನರು ಒಟ್ಟು ಮೊತ್ತ ನೋಡುತ್ತಾರೆ, ತಮ್ಮ ಬಡಾವಣೆಯ ಹೆಸರು ಹುಡುಕುತ್ತಾರೆ, ಸಿಕ್ಕರೆ ಸಂತೋಷಪಡುತ್ತಾರೆ. ಮಳೆ ಹಿಡಿದ ಮೇಲೆ ‘ಚರಂಡಿ ಎಲ್ಲಿ ಸ್ವಾಮಿ?’ ಎಂದು ಸದಸ್ಯರ ಮನೆಗೆ ಬರುತ್ತಾರೆ. ಮಲೆನಾಡಿನ ಪುರಸಭೆಯೊಂದರಲ್ಲಿ ಸದಸ್ಯನಾಗಿದ್ದಾಗ ನನ್ನ ಮನೆಗೂ ಹೀಗೆ ಬಂದವರಿದ್ದರು. ಅವರಲ್ಲಿ ವಾಣಿಜ್ಯ ಕಲಿಸುವ ಮೇಷ್ಟ್ರುಗಳು, ಬ್ಯಾಂಕಿನಿಂದ ನಿವೃತ್ತರಾದವರೂ ಸೇರಿದ್ದರು. ಲೆಕ್ಕ ಬಲ್ಲ ಅವರು ಕೂಡ ಓದುತ್ತಿದ್ದುದು ಭಾಷಣದ ಪುಟಗಳನ್ನು ಮಾತ್ರ.

ಹೆಜ್ಜೆ 1: ಪೂರ್ತಿ ಪುಸ್ತಕ ತರಿಸಿಕೊಳ್ಳಿ

ಮೊದಲು ಸ್ಥಳೀಯ ಸಂಸ್ಥೆಯ ಜಾಲತಾಣ, ಆಮೇಲೆ ಲೆಕ್ಕ ಶಾಖೆ. ಎರಡು ಕಡೆಯೂ ಸಿಗದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದಗಳೊಳಗೆ ಇರಬೇಕು. ಊರಿನ ಎಲ್ಲ ಅನ್ಯಾಯಗಳನ್ನೂ ಅದರಲ್ಲಿ ತುಂಬಿದರೆ ತಿರಸ್ಕರಿಸಲು ನೀವೇ ಕಾರಣ ಕೊಟ್ಟಂತೆ. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಬಣ್ಣದ ‘ಮುಖ್ಯಾಂಶಗಳು’ ಪುಟವನ್ನು ನಂಬಬೇಡಿ. ಅದನ್ನು ತಯಾರಿಸುವವರು ಬಜೆಟ್ ಮಂಡಿಸಿದವರ ಕಡೆಯವರೇ.

ಹೆಜ್ಜೆ 2: ಭಾಷಣದ ಪುಟಗಳನ್ನು ಕ್ಲಿಪ್ ಹಾಕಿ ಪಕ್ಕಕ್ಕಿಡಿ

ವಚನ, ಕಗ್ಗ, ಅಭಿನಂದನೆ ಎಲ್ಲ ಅಲ್ಲಿವೆ. ಹಣ ಇರುವುದು ಹಿಂದಿನ ಕೋಷ್ಟಕಗಳಲ್ಲಿ.

ಹೆಜ್ಜೆ 3: ಕೊನೆಯ ಕಲಂ ಮುಚ್ಚಿ ಓದಿ

ಎಲ್ಲರೂ ಎಡವುವ ಜಾಗ ಇದು, ಹಾಗಾಗಿ ನಿಧಾನವಾಗಿ ಹೋಗೋಣ. ಪ್ರತಿ ಲೆಕ್ಕ ಶೀರ್ಷಿಕೆಯ ಎದುರು ಸಾಮಾನ್ಯವಾಗಿ ನಾಲ್ಕು ಅಂಕಿಗಳಿರುತ್ತವೆ: ಹಿಂದಿನ ವರ್ಷ ನಿಜವಾಗಿ ಬಂದದ್ದು ಅಥವಾ ಖರ್ಚಾದದ್ದು, ಚಾಲ್ತಿ ವರ್ಷದ ಅಂದಾಜು, ಅದರ ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು. ಪತ್ರಿಕೆಯಲ್ಲಿ ಬರುವುದು ನಾಲ್ಕನೆಯದು. ಅದರ ಮೇಲೆ ಒಂದು ಸ್ಕೇಲು ಅಡ್ಡವಿಟ್ಟು ಮೊದಲ ಮೂರನ್ನು ಓದಿ.

ಉದಾಹರಣೆಗೆ ಒಂದು ಊರಿನ ಆಸ್ತಿ ತೆರಿಗೆಯ ಸಾಲು ಹೀಗಿದೆ ಎಂದುಕೊಳ್ಳಿ: ಹಿಂದಿನ ವರ್ಷ ಬಂದದ್ದು 6 ಕೋಟಿ, ಚಾಲ್ತಿ ಅಂದಾಜು 10 ಕೋಟಿ, ಪರಿಷ್ಕೃತ 7 ಕೋಟಿ, ಮುಂದಿನ ವರ್ಷಕ್ಕೆ 12 ಕೋಟಿ. ಈ ಊರು ಹತ್ತು ಬರೆದು ಏಳು ಕಂಡಿದೆ, ಆದರೂ ಈಗ ಹನ್ನೆರಡು ಬರೆಯುತ್ತಿದೆ. ಏಕೆ? ಖರ್ಚಿನ ಕಡೆ ಐದು ಕೋಟಿಯ ಭರವಸೆಗಳನ್ನು ಬರೆದಾಗಿದೆ, ಅದಕ್ಕೆ ಆದಾಯದ ಕಡೆ ಜೋಡಿ ಬೇಕು. ವಾಣಿಜ್ಯ ಮಳಿಗೆಗಳ ಬಾಡಿಗೆ ಬಾಕಿ, ಜಾಹೀರಾತು ಶುಲ್ಕ, ಆಸ್ತಿ ಮಾರಾಟ ಎಂಬ ಸಾಲುಗಳಲ್ಲೂ ಇದೇ ಕೈಚಳಕ ನಡೆಯುತ್ತದೆ. ವರ್ಷದ ಕೊನೆಗೆ ಆ ಐದು ಕೋಟಿ ಬರುವುದಿಲ್ಲ. ಆಗ ಕೈಬಿಟ್ಟುಹೋಗುವುದು ಸಂಬಳವೋ ಡೀಸೆಲ್ಲೋ ಅಲ್ಲ, ನಿಮ್ಮ ರಸ್ತೆಯ ಚರಂಡಿ.

ಆದ್ದರಿಂದ ಪ್ರತಿ ದೊಡ್ಡ ಸಾಲಿಗೂ ಪೆನ್ಸಿಲ್ಲಿನಲ್ಲಿ ಎರಡು ಗುರುತು ಹಾಕಿ. ಪರಿಷ್ಕೃತ ಅಂಕಿ ಅಂದಾಜಿಗಿಂತ ತುಂಬಾ ಕೆಳಗಿದ್ದರೆ ಒಂದು ಗೆರೆ. ಅದೇ ಸಾಲು ಮುಂದಿನ ವರ್ಷಕ್ಕೆ ಮತ್ತೆ ಏರಿದ್ದರೆ ಇನ್ನೊಂದು. ಎರಡು ಗೆರೆ ಬಿದ್ದ ಸಾಲಿನಿಂದ ನಡೆಯಬೇಕಾದ ಯಾವ ಕಾಮಗಾರಿಯನ್ನೂ ನೆಚ್ಚಿಕೊಳ್ಳಬೇಡಿ. ಪರಿಷ್ಕೃತ ಅಂಕಿಯೂ ಪೂರ್ತಿ ಲೆಕ್ಕವಲ್ಲ ಎಂಬುದು ನೆನಪಿರಲಿ. ಅದನ್ನು ಬರೆಯುವ ಹೊತ್ತಿಗೆ ಆರ್ಥಿಕ ವರ್ಷದ ಕೊನೆಯ ತಿಂಗಳುಗಳು ಇನ್ನೂ ಬಾಕಿ ಇರುತ್ತವೆ. ಮೊದಲ ಕಲಂ ಒಂದೇ ನಡೆದುಹೋದ ಲೆಕ್ಕ. ನಾನಾದರೆ ಮೂರು ವರ್ಷದ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ಮೊದಲ ಕಲಂಗಳನ್ನಷ್ಟೇ ಹೋಲಿಸುತ್ತೇನೆ. ಊರಿನ ನಿಜವಾದ ಶಕ್ತಿ ಅಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಇನ್ನು ಆರಂಭಿಕ ಶಿಲ್ಕು. ‘ಉಳಿತಾಯ’ ಹುಟ್ಟುವುದು ಹೆಚ್ಚಾಗಿ ಇಲ್ಲಿಂದಲೇ. ಖರ್ಚಾಗದೆ ಉಳಿದ ಅನುದಾನ, ಗುತ್ತಿಗೆದಾರರ ಠೇವಣಿ, ಕೊಡಬೇಕಾದ ಬಾಕಿ ಬಿಲ್ಲುಗಳ ಹಣ ಎಲ್ಲ ಸೇರಿ ಬ್ಯಾಂಕಿನಲ್ಲಿ ಕುಳಿತಿರುವ ಮೊತ್ತ ಅದು. ಮುಂದುವರಿದ ಕಾಮಗಾರಿಗಳು ಏಪ್ರಿಲ್‌ನಲ್ಲೇ ಅದಕ್ಕೆ ಬಾಯಿ ಹಾಕುತ್ತವೆ. ಶಿಲ್ಕನ್ನು ಬದಿಗಿಟ್ಟು ಆ ವರ್ಷದ ಜಮೆಯಿಂದ ಆ ವರ್ಷದ ಪಾವತಿಯನ್ನು ಕಳೆಯಿರಿ. ಉಳಿತಾಯದ ಬಜೆಟ್ಟು ಎಷ್ಟೋ ಸಲ ಕೊರತೆಯ ಬಜೆಟ್ಟಾಗಿ ಬಿಡುತ್ತದೆ.

ಜಮೆಯೆಲ್ಲವೂ ಊರಿನ ಹಣವೂ ಅಲ್ಲ. ಆಸ್ತಿ ತೆರಿಗೆಯ ಮೇಲೆ ನೀವು ಕಟ್ಟುವ ಶೇ 6ರ ಗ್ರಂಥಾಲಯ ಸೆಸ್, ಶೇ 3ರ ಭಿಕ್ಷುಕರ ಸೆಸ್ ಒಂದು ಕಡೆ ಜಮೆಯಾಗಿ ಇನ್ನೊಂದು ಕಡೆ ಸಂಬಂಧಪಟ್ಟ ಇಲಾಖೆಗೆ ಹೊರಟುಹೋಗಬೇಕಾದವು. ‘ಅಸಾಧಾರಣ’ ಎಂಬ ತಲೆಬರಹದಡಿ ಇಂಥವು ಸೇರಿಕೊಂಡು ಬಜೆಟ್ಟಿನ ಗಾತ್ರವನ್ನು ಉಬ್ಬಿಸುತ್ತವೆ.

ಹೆಜ್ಜೆ 4: ಕಟ್ಟಿದ ಹಣ, ಬಿಚ್ಚಿದ ಹಣ ಬೇರ್ಪಡಿಸಿ

ಹಳ್ಳಿ ಮನೆಯ ಗೃಹಿಣಿ ಅಡಿಕೆ ಮಾರಿದ ದುಡ್ಡನ್ನು ಸಾಲಕ್ಕೆ, ಶಾಲೆಗೆ, ಮದುವೆಗೆ ಎಂದು ಬೇರೆ ಬೇರೆ ಡಬ್ಬಿಗಳಲ್ಲಿ ಇಡುವಂತೆ ಸರ್ಕಾರವೂ ಇಂಥದ್ದಕ್ಕೇ ಎಂದು ಡಬ್ಬಿ ಕಟ್ಟಿಯೇ ಹಣ ಕಳಿಸುತ್ತದೆ. ಅದು ಕಟ್ಟಿದ ಹಣ; ಊರು ತಾನೇ ನಿರ್ಧರಿಸಿ ಖರ್ಚು ಮಾಡಬಹುದಾದದ್ದು ಬಿಚ್ಚಿದ ಹಣ. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಹತ್ತು ಲಕ್ಷ ಜನಸಂಖ್ಯೆ ಮೀರದ ನಗರಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು. ಉಳಿದ ಶೇ 40ರಲ್ಲೂ ಸಂಬಳ ಕೊಡುವಂತಿರಲಿಲ್ಲ. ರಾಜ್ಯ ಹಣಕಾಸು ಆಯೋಗದ ವೇತನ ಅನುದಾನ ಸಂಬಳಕ್ಕೆ, ವಿದ್ಯುತ್ ಅನುದಾನ ಬೀದಿದೀಪ ಮತ್ತು ನೀರಿನ ಪಂಪುಗಳ ಬಿಲ್ಲಿಗೆ ಹೋಗುತ್ತದೆ. ಇದರ ಜೊತೆಗೆ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 24.10, ಇತರೆ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ತೆಗೆದಿಡಬೇಕು. ಇದು ದಯೆಯ ಬಾಬತ್ತಲ್ಲ, ಕಡ್ಡಾಯ. ಈ ಸಾಲುಗಳಲ್ಲಿ ಮೊದಲ ಕಲಂ ಸೊನ್ನೆಯಿದ್ದರೆ ದೊಡ್ಡದಾಗಿ ವೃತ್ತ ಹಾಕಿ, ಸಭೆಯಲ್ಲಿ ಮೊದಲ ಪ್ರಶ್ನೆ ಅದೇ ಆಗಲಿ.

ಇಷ್ಟೆಲ್ಲ ಕಳೆದ ಮೇಲೆ ಸದಸ್ಯರು ಕೈ ಎತ್ತಿ ನಿರ್ಧರಿಸಬಹುದಾದ ಹಣ ಬಹಳ ಸಣ್ಣದು. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್‌ನಲ್ಲಿ ಜಾರಿಗೆ ಬಂದು 12ನೇ ಅನುಸೂಚಿಯಲ್ಲಿ 18 ವಿಷಯಗಳನ್ನು ನಗರಾಡಳಿತಕ್ಕೆಂದು ಪಟ್ಟಿ ಮಾಡಿತು. ವಿಷಯಗಳು ಬಂದಷ್ಟು ಸಲೀಸಾಗಿ ಹಣ ಬರಲಿಲ್ಲ. ಚುನಾಯಿತ ಮಂಡಳಿಯ ಅವಧಿ ಮುಗಿದು ಆಡಳಿತಾಧಿಕಾರಿಯೇ ಬಜೆಟ್ ಮಂಡಿಸಿ ಒಪ್ಪುವ ವರ್ಷಗಳಲ್ಲಿ ಆ ಸಣ್ಣ ಹಣದ ಬಗ್ಗೆಯೂ ಚರ್ಚೆ ಇರುವುದಿಲ್ಲ.

ಶಿವಮೊಗ್ಗದವರು ಇನ್ನೊಂದನ್ನು ಗಮನಿಸಬೇಕು. 2016ರಲ್ಲಿ ನಗರ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಅದರ ಹಣ ಹರಿದದ್ದು ಪ್ರತ್ಯೇಕ ಕಂಪನಿಯ ಮೂಲಕ, ಪಾಲಿಕೆಯ ಬಜೆಟ್ ಮೂಲಕವಲ್ಲ. ಆದರೆ ತುಂಗಾ ತೀರದ ಕಾಮಗಾರಿ, ಉದ್ಯಾನ, ದೀಪಗಳೆಲ್ಲ ನಿರ್ವಹಣೆಯನ್ನು ವರ್ಷವರ್ಷವೂ ಬೇಡುತ್ತವೆ. ಕಟ್ಟುವ ಹಣ ಹೊರಗಿನಿಂದ ಬಂದರೂ ಒರೆಸುವ, ತೊಳೆಯುವ ಹಣ ಊರಿನದೇ. ರಾಜಸ್ವ ಪಾವತಿಯಲ್ಲಿ, ಅಂದರೆ ದಿನನಿತ್ಯದ ಖರ್ಚಿನ ಪಟ್ಟಿಯಲ್ಲಿ, ‘ನಿರ್ವಹಣೆ’ ಎಂಬ ಪದವಿರುವ ಸಾಲುಗಳನ್ನೆಲ್ಲ ಕೂಡಿಸಿ ನೋಡಿ. ಹೊಸ ಕಾಮಗಾರಿಗಿಂತ ನಿರ್ವಹಣೆಗೆ ಹಣ ಕೇಳುವ ಸದಸ್ಯರಿಗೆ ನಾನು ಮತ ಹಾಕುತ್ತೇನೆ.

ಹೆಜ್ಜೆ 5: ಮಳೆಯ ಪಂಚಾಂಗ ಇಟ್ಟುಕೊಂಡು ಓದಿ

ಬಯಲುಸೀಮೆಯವರಿಗೆ ಈ ಹೆಜ್ಜೆ ಬೇಡ, ನಮಗೆ ಬೇಕೇಬೇಕು. ಬಜೆಟ್ ಮಾರ್ಚ್‌ನಲ್ಲಿ ಒಪ್ಪಿಗೆಯಾಯಿತು ಎನ್ನಿ. ಕ್ರಿಯಾ ಯೋಜನೆ, ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ ಮುಗಿಯಬೇಕು. ಸರ್ಕಾರಿ ಖರೀದಿ, ಗುತ್ತಿಗೆಗಳಿಗೆ ಅನ್ವಯಿಸುವ 1999ರ ಪಾರದರ್ಶಕತೆ ಕಾಯ್ದೆ ಮತ್ತು ಅದರ ನಿಯಮಗಳಂತೆ ಟೆಂಡರಿಗೆ ನಿಗದಿತ ಕನಿಷ್ಠ ಕಾಲಾವಕಾಶ ಕೊಡಬೇಕು. ಕಾರ್ಯಾದೇಶ ಕೈಗೆ ಬರುವಾಗ ಆಗುಂಬೆ ಘಾಟಿಯಲ್ಲಿ ಮೋಡ ಕಟ್ಟಿರುತ್ತದೆ. ಡಾಂಬರು ಹಾಕಲು ನವೆಂಬರ್ ತನಕ ಕಾಯಲೇಬೇಕು. ಹಾಗೆಂದು ಜುಲೈಯಲ್ಲಿ ಗದ್ದಲ ಮಾಡಿ ರಸ್ತೆ ಹಾಕಿಸಿಕೊಳ್ಳಬೇಡಿ. ಸುರಿಯುವ ಮಳೆಯಲ್ಲಿ ಹಾಕಿದ ಬಿಸಿ ಡಾಂಬರು ಹೆಚ್ಚು ದಿನ ನಿಲ್ಲುವುದಿಲ್ಲ.

ಮಾರ್ಚ್‌ನಲ್ಲಿ ನೀವು ಒತ್ತಾಯಿಸಬೇಕಾದದ್ದು ಚರಂಡಿ ಮತ್ತು ರಾಜಕಾಲುವೆಯ ಹೂಳು ತೆಗೆಯುವ ಸಾಲು. ಆ ಟೆಂಡರ್ ಏಪ್ರಿಲ್ ಕೊನೆಗೆ ಮುಗಿಯಬೇಕು, ಕೆಲಸ ಮೇ ತಿಂಗಳಲ್ಲಿ ಆಗಬೇಕು. ಜೂನ್‌ನಲ್ಲಿ ಹೂಳೆತ್ತಿದ ಬಿಲ್ ಬಂದರೆ ಮಳೆಯೇ ಹೂಳನ್ನು ಹೊತ್ತೊಯ್ದು ಬಿಲ್ ಬೇರೆಯವರದಾಗಿರುವ ಸಾಧ್ಯತೆ ಉಂಟು.

ಹೆಜ್ಜೆ 6: ಕೇಳುವುದನ್ನು ಕೇಳುವ ಹಾಗೆ ಕೇಳಿ

ಬಜೆಟ್ ಪೂರ್ವಭಾವಿ ಸಭೆಯಲ್ಲಿ ಮೇಲ್ಸೇತುವೆ, ತಾರಾಲಯ, ಸಂಗೀತ ಕಾರಂಜಿ ಕೇಳುವವರು ಭರ್ಜರಿ ಚಪ್ಪಾಳೆ ಗಿಟ್ಟಿಸುತ್ತಾರೆ. ಟಿಪ್ಪಣಿ ಬರೆಯುವ ಗುಮಾಸ್ತರು ಆಗ ಪೆನ್ನು ಕೆಳಗಿಟ್ಟಿರುತ್ತಾರೆ. ನೀವು ಒಂದೇ ಹಾಳೆ ಒಯ್ಯಿರಿ: ಯಾವ ಅಡ್ಡರಸ್ತೆ, ಎಲ್ಲಿಂದ ಎಲ್ಲಿಗೆ, ಎಷ್ಟು ಮೀಟರ್, ನೀರು ಯಾವ ಕಡೆ ಹರಿಯಬೇಕು, ಯಾವ ಶೀರ್ಷಿಕೆಯಲ್ಲಿ ಹಣ ಉಳಿದಿದೆ. ಕೊನೆಯದನ್ನು ಹೆಜ್ಜೆ ಮೂರು ನಿಮಗೆ ಹೇಳಿರುತ್ತದೆ. ಸ್ವೀಕೃತಿ ಮೊಹರು ಹಾಕಿಸಿಕೊಂಡೇ ಬನ್ನಿ.

ವಾರ್ಡಿಗೆ ಇಂತಿಷ್ಟು ಎಂದು ಸಮನಾಗಿ ಹಂಚುವ ಪದ್ಧತಿ ಕಂಡರೆ ಸಭೆಯಲ್ಲೇ ವಿರೋಧಿಸಿ. ಸದಸ್ಯರ ಜಗಳ ತಪ್ಪಿಸಲು ಹುಟ್ಟಿಕೊಂಡ ಉಪಾಯ ಅದು. ಗುಡ್ಡದ ಇಳಿಜಾರಿನಲ್ಲಿರುವ ವಾರ್ಡಿಗೂ ಸಮತಟ್ಟಾದ ವಾರ್ಡಿಗೂ ಒಂದೇ ಉದ್ದದ ಚರಂಡಿ ಸಾಕೆ? ಹಾಗೆಯೇ, ಇಳಿಜಾರು ರಸ್ತೆಗೆ ಇಂಟರ್‌ಲಾಕ್ ಕಲ್ಲು ಬೇಡವೆಂದು ಹಾಳೆಯಲ್ಲಿ ಬರೆದುಕೊಡಿ. ನೋಡಲು ಅಂದ, ಆದರೆ ಎರಡು ಮಳೆಗಾಲ ಕಳೆಯುವುದರೊಳಗೆ ಪಾಚಿ ಕಟ್ಟಿ ಹಿರಿಯರನ್ನು ಕೆಡವುತ್ತದೆ. ಒರಟು ಮೈಯ ಕಾಂಕ್ರೀಟ್ ಕೇಳಿ.

ಅಕ್ಟೋಬರ್‌ನಲ್ಲಿ ಒಮ್ಮೆ ಎಂಜಿನಿಯರಿಂಗ್ ಶಾಖೆಗೆ ಹೋಗಿ ಕಾಮಗಾರಿಯ ಕಾರ್ಯಾದೇಶ ಸಂಖ್ಯೆ ಕೇಳಿ. ಸಂಖ್ಯೆ ಇದ್ದರೆ ನವೆಂಬರ್‌ನಲ್ಲಿ ಜಲ್ಲಿ ಬರುತ್ತದೆ. ಇಲ್ಲದಿದ್ದರೆ ಪರಿಷ್ಕೃತ ಅಂದಾಜು ತಯಾರಾಗುವ ಮೊದಲೇ, ಮೊಹರು ಬಿದ್ದ ಹಾಳೆಯ ಪ್ರತಿಯೊಡನೆ ಎರಡನೆಯ ಅರ್ಜಿ ಕೊಡಿ.