ಹನ್ನೊಂದು ಜನರ ಮನೆ, ಮೂರು ಸ್ಕೌಟ್ ಸ್ಕಾರ್ಫ್, ಐದು ಆಸ್ಪತ್ರೆ ಫೈಲು

ಒಂದು ವರ್ಷ ನವೆಂಬರ್ 7ರಂದು ನಮ್ಮತ್ತೆ ಹಾಸನದ ಒಂದು ಆಸ್ಪತ್ರೆಯ ಬೆಂಚಿನ ಮೇಲೆ ಮಧ್ಯಾಹ್ನ ಒಂದು ಗಂಟೆವರೆಗೆ ಒಬ್ಬರೇ ಕೂತಿದ್ದರು. ಖಾಲಿ ಹೊಟ್ಟೆಯ ಶುಗರ್ ಟೆಸ್ಟ್. ಬೆಳಗ್ಗೆ ಕಾಫಿ ಕೂಡ ಕುಡಿದಿರಲಿಲ್ಲ. ಟೋಕನ್ ನಂಬರ್ ಕೂಗಿದ್ದು ಕೇಳಿಸಿಲ್ಲ, ಎದ್ದು ವಿಚಾರಿಸೋಕೆ ಸಂಕೋಚ. ಕೊನೆಗೆ ಪಕ್ಕದಲ್ಲಿದ್ದ ಯಾರೋ ಹೆಂಗಸು ಎರಡು ಬಿಸ್ಕತ್ತು ಕೊಟ್ಟು, ಅತ್ತೆಯ ಫೋನಿಂದಲೇ ನಮ್ಮ ಮನೆಗೆ ಫೋನ್ ಮಾಡಿದರು.

ಮನೆಯಲ್ಲಿ ಹನ್ನೊಂದು ಜನ ಇದ್ದೇವೆ. ಆದರೂ ಹೀಗಾಯಿತು. ಯಜಮಾನರು ನಾನು ಜೊತೆಗಿದ್ದೇನೆ ಅಂದುಕೊಂಡಿದ್ದರು. ನಾನು ಮೈದುನ ಇದ್ದಾನೆ ಅಂದುಕೊಂಡಿದ್ದೆ. ಮೈದುನ ಗೇಟಿನ ಹತ್ತಿರ ಬೈಕಿಂದ ಇಳಿಸಿ, ಅತ್ತಿಗೆ ಬರ್ತಾರೆ ಅಂತ ಗೊಬ್ಬರದ ಅಂಗಡಿಗೆ ಹೋಗಿದ್ದ. ಅತ್ತಿಗೆ ಎಲ್ಲಿದ್ದಳು? ಅವತ್ತು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನ ಧ್ವಜ ದಿನ. ಸಂಸ್ಥೆ ಶುರುವಾಗಿದ್ದು 1950ರ ನವೆಂಬರ್ 7ಕ್ಕೆ, ಅದಕ್ಕೇ ಆ ದಿನ. ಮಕ್ಕಳ ಮೆರವಣಿಗೆಯ ಹಿಂದೆ ನೀರಿನ ಬಾಟಲಿ ಹಿಡಿದು ನಾನು ನಡೀತಾ ಇದ್ದೆ.

ನಮ್ಮದು ಆಲೂರು ಕಡೆಯ ಹಳ್ಳಿ. ಅತ್ತೆ, ಮಾವ, ಮಾವನ ಅಕ್ಕ, ನಾವಿಬ್ಬರು, ಮೈದುನ, ವಾರಗಿತ್ತಿ. ಮಕ್ಕಳು ನಾಲ್ವರು. ನನ್ನ ಮಗಳು ಒಂಬತ್ತನೇ ಕ್ಲಾಸು, ಗೈಡ್, ಅಂದರೆ ಹುಡುಗಿಯರ ಸ್ಕೌಟ್. ಮಗ ಏಳನೇ ಕ್ಲಾಸು, ಸ್ಕೌಟ್. ಮೈದುನನ ಮಗ ಮೂರನೇ ಕ್ಲಾಸು, ಕಬ್, ಅಂದರೆ ಚಿಕ್ಕ ಮಕ್ಕಳ ಸ್ಕೌಟ್. ಅವನ ತಂಗಿ ಅಂಗನವಾಡಿ. ಫೈಲುಗಳ ಲೆಕ್ಕ ಹೀಗೆ: ಅತ್ತೆಗೆ ಶುಗರ್ ಮತ್ತು ಬಿಪಿ, ಮಾವನಿಗೆ ಕಣ್ಣು, ಮಗನಿಗೆ ಅಸ್ತಮಾ, ನನಗೆ ಥೈರಾಯ್ಡ್. ವಾರಗಿತ್ತಿ ಈಗ ಏಳು ತಿಂಗಳ ಬಸುರಿ, ಹಾಗಾಗಿ ಒಂದು ತಾಯಿ ಕಾರ್ಡು.

ಅವತ್ತು ಸಂಜೆ ಅತ್ತೆ ಏನೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ರಾತ್ರಿ ಕೂತು ಯೋಚನೆ ಮಾಡಿದಾಗ ಒಂದು ವಿಷಯ ಗೊತ್ತಾಯಿತು. ನಾವು ಕ್ಯಾಲೆಂಡರ್‌ನಲ್ಲಿ ದಿನಾಂಕ ಬರೀತಾ ಇದ್ದೆವು. ಆದರೆ ದೊಡ್ಡ ಮನೆಯಲ್ಲಿ ಸಾಲದೇ ಬರೋದು ದಿನ ಅಲ್ಲ, ಜೊತೆಗೆ ಹೋಗುವ ಜನ. ಒಂದೇ ದಿನ ಮೂರು ಕಡೆ ಕೆಲಸ ಇದ್ದರೂ ಮೂವರು ಇದ್ದರೆ ಆಯಿತು. ಕೆಲಸ ಒಂದೇ ಇದ್ದರೂ ಹೋಗುವವರು ಯಾರು ಅಂತ ಗೊತ್ತಿಲ್ಲದಿದ್ದರೆ ಕೆಟ್ಟಿತು.

ಅದಕ್ಕೆ ಈಗ ಅಡುಗೆಮನೆ ಬಾಗಿಲ ಪಕ್ಕದ ಕ್ಯಾಲೆಂಡರ್‌ನಲ್ಲಿ ಮೊದಲು ಬರೆಯೋದು ಜೊತೆಗೆ ಹೋಗುವವರ ಹೆಸರು. "ಅತ್ತೆ ಶುಗರ್" ಅಂತಲ್ಲ, "ಮೈದುನ, ಅತ್ತೆಯನ್ನು ಕರೆದುಕೊಂಡು" ಅಂತ. ಹೆಸರನ್ನು ಅವರವರೇ ಬರೆಯಬೇಕು, ನಾನು ಬರೆದರೆ ಲೆಕ್ಕಕ್ಕಿಲ್ಲ. ಸ್ವಂತ ಕೈಯಲ್ಲಿ ಬರೆದವರು ಮರೆಯೋದು ಕಡಿಮೆ. ಮರೆತರೂ ನೀನು ಹೇಳಲಿಲ್ಲ ಅನ್ನೋಕಾಗಲ್ಲ ಅಲ್ವಾ? ಆಸ್ಪತ್ರೆಗೆ ಕೆಂಪು ಪೆನ್ನು, ಸ್ಕೌಟ್‌ಗೆ ನೀಲಿ. ಹಾಲಿನ ಲೆಕ್ಕಕ್ಕೆ ಪೆನ್ಸಿಲ್. ಅದೇ ಕ್ಯಾಲೆಂಡರ್ ಯಾಕೆ ಅಂದರೆ ಡೈರಿಗೆ ಹಾಲು ಹಾಕಿ ಬಂದವರು ದಿನಕ್ಕೆ ಎರಡು ಸಲ ಅದರ ಮುಂದೆ ನಿಲ್ಲಲೇಬೇಕು. ಮೊಬೈಲಿನ ಕ್ಯಾಲೆಂಡರ್ ನಮ್ಮ ಮನೆಯಲ್ಲಿ ನಡೆಯಲಿಲ್ಲ. ಮಾವನಿಗೆ ಫೋನು ಅಂದರೆ ಎತ್ತಿ ಮಾತಾಡೋದು ಅಷ್ಟೇ.

ಮುಂದಿನ ಕೆಲಸ, ಯಾವುದನ್ನು ಸರಿಸಬಹುದು, ಯಾವುದನ್ನು ಸರಿಸಬಾರದು ಅಂತ ತಿಂಗಳ ಮೊದಲೇ ವಿಂಗಡಿಸೋದು. ಸ್ಕೌಟ್‌ನಲ್ಲಿ ವಾರದ ಮೀಟಿಂಗ್ ಒಂದು ತಪ್ಪಿದರೆ ಆಕಾಶ ಬೀಳಲ್ಲ. ಗಂಟು ಕಟ್ಟೋದನ್ನು ಅವರ ಗುಂಪಿನ ಲೀಡರ್ ಹುಡುಗ ಮುಂದಿನ ವಾರ ಹೇಳಿಕೊಡ್ತಾನೆ. ಆದರೆ ಮಗಳ ರಾಜ್ಯ ಪುರಸ್ಕಾರದ (ರಾಜ್ಯ ಮಟ್ಟದ ಗೈಡ್ ಪ್ರಶಸ್ತಿ) ಪರೀಕ್ಷಾ ಶಿಬಿರ ಹಾಗಲ್ಲ. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ, ತೃತೀಯ ಅಂತ ವರ್ಷಗಟ್ಟಲೆ ಹತ್ತಿ ಬಂದ ಮೇಲೆ ಆ ಶಿಬಿರ. ತಪ್ಪಿದರೆ ಮತ್ತೆ ಕಾಯಬೇಕು.

ಆಸ್ಪತ್ರೆ ಕಡೆಯೂ ಹಾಗೇ. ಬಸುರಿ ತಪಾಸಣೆ, ಆಪರೇಷನ್ ಆದ ಮೇಲೆ ಬರಹೇಳಿದ ದಿನ, ಹೊಲಿಗೆ ಬಿಚ್ಚೋದು, ಇವನ್ನು ನಾನು ಮುಟ್ಟಲ್ಲ. ಪ್ರತಿ ತಿಂಗಳ 9ಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಹಾಗಾಗಿ ಹೆರಿಗೆ ಆಗೋವರೆಗೆ 9ನೇ ತಾರೀಖು ಮೈದುನನದ್ದು, ಅದರಲ್ಲಿ ಚರ್ಚೆ ಇಲ್ಲ. ಅತ್ತೆಯ ಮಾಮೂಲಿ ಬಿಪಿ ತಪಾಸಣೆ ಬೇಕಾದರೆ ನಾಲ್ಕು ದಿನ ಆಚೆ ಹೋಗಬಹುದು. ಆದರೆ ಮಾತ್ರೆ ಖಾಲಿಯಾಗಬಾರದು. ಸರಿಸುವ ಮೊದಲು ಮಾತ್ರೆಯ ಡಬ್ಬಿ ತೆಗೆದು ಎಣಿಸಿ, ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಿ. ಅಮಾವಾಸ್ಯೆ ದಿನ ಅತ್ತೆ ಬರಲ್ಲ, ಅದನ್ನೂ ಮೊದಲೇ ಹೊಡೆದುಹಾಕಿ ಇಡ್ತೀನಿ. ವಾದ ಮಾಡೋಕೆ ಟೈಮಿಲ್ಲ.

ಹಾಸನದವರಿಗೆ ಇನ್ನೊಂದು ಮಾತು. ಆಶ್ವಯುಜದಲ್ಲಿ ಹಾಸನಾಂಬೆ ಬಾಗಿಲು ತೆರೆದರೆ ಊರೊಳಗೆ ಕಾಲಿಡೋಕೆ ಆಗಲ್ಲ. ಅರ್ಜೆಂಟ್ ಅಲ್ಲದ ತಪಾಸಣೆ ಏನಿದ್ದರೂ ಬಲಿಪಾಡ್ಯಮಿ ಕಳೆದ ಮೇಲೆ ಹಾಕಿಸಿಕೊಳ್ಳಿ.

ಟೆಸ್ಟುಗಳ ವಿಷಯದಲ್ಲಿ ನಾವು ಸುಮ್ನೆ ಅರ್ಧ ದಿನ ಕಳೀತಾ ಇದ್ದೆವು. ಎಲ್ಲ ಶುಗರ್ ಟೆಸ್ಟಿಗೂ ಖಾಲಿ ಹೊಟ್ಟೆ ಬೇಕಿಲ್ಲ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಟೆಸ್ಟ್ ಮಾತ್ರ ಬರೆದಿದ್ದರೆ ತಿಂಡಿ ತಿಂದು, ಮಕ್ಕಳನ್ನು ಕಳಿಸಿ, ಮಧ್ಯಾಹ್ನದ ಬಸ್ಸಿಗೇ ಹೋಗಬಹುದು. ಚೀಟಿಯಲ್ಲಿ ಏನು ಬರೆದಿದ್ದಾರೆ ಅಂತ ಡಾಕ್ಟರ ರೂಮಿಂದ ಆಚೆ ಬರುವ ಮೊದಲೇ ಕೇಳಿ. ಖಾಲಿ ಹೊಟ್ಟೆಯದ್ದೇ ಆದರೆ ಮೊದಲ ಬಸ್ಸು, ಜೊತೆಗೆ ಡಬ್ಬಿಯಲ್ಲಿ ಇಡ್ಲಿ. ತಿಂಡಿ ತಿನ್ನೋಕೆ ಶುರು ಮಾಡಿದ ಹೊತ್ತಿಂದ ಎರಡು ಗಂಟೆ ಬಿಟ್ಟು ಇನ್ನೊಂದು ಸಲ ರಕ್ತ ತೆಗೀತಾರಲ್ಲ, ಆ ಎರಡು ಗಂಟೆ ನನ್ನ ಪಾಲಿನ ಬಂಗಾರ. ಅತ್ತೆಯನ್ನು ಮಹಾರಾಜ ಪಾರ್ಕಿನ ನೆರಳಲ್ಲಿ ಕೂರಿಸಿ, ಜೊತೆಗೆ ಮಾವನನ್ನೂ ಬಿಟ್ಟು, ಟೈಲರ್ ಹತ್ತಿರ ಓಡ್ತೀನಿ. ಬೆಳೆಯೋ ಮಕ್ಕಳ ಯೂನಿಫಾರಂ ಉದ್ದ ಬಿಡಿಸೋ ಕೆಲಸ ಮುಗಿಯೋದೇ ಇಲ್ಲ.

ಕಣ್ಣಿನ ತಪಾಸಣೆ ಇದ್ದ ದಿನ ಸ್ಕೌಟ್ ಕೆಲಸ ಇಡಬೇಡಿ. ಪಾಪೆ ಅಗಲ ಮಾಡುವ ಡ್ರಾಪ್ಸ್ ಹಾಕಿದರೆ ಕೆಲವು ಗಂಟೆ ಕಣ್ಣು ಮಂಜು ಮಂಜು, ಬಿಸಿಲು ನೋಡೋಕಾಗಲ್ಲ. ಲಸಿಕೆಯೂ ಅಷ್ಟೇ. ಹತ್ತು ಮತ್ತು ಹದಿನಾರು ವರ್ಷಕ್ಕೆ ಟಿಡಿ (ಧನುರ್ವಾಯು, ಡಿಫ್ತೀರಿಯಾ ತಡೆಯುವ) ಲಸಿಕೆ ಇರುತ್ತದೆ, ಎರಡೂ ಸ್ಕೌಟ್ ವಯಸ್ಸಲ್ಲೇ ಬರುತ್ತವೆ. ಹಾಕಿಸಿದ ಮೇಲೆ ತೋಳು ನೋಯಬಹುದು, ಸಣ್ಣ ಜ್ವರ ಬರಬಹುದು. ಕ್ಯಾಂಪಿಗೆ ಹೋಗೋಕೆ ಎರಡು ವಾರ ಮುಂಚೆ ಮುಗಿಸಿ, ಹಿಂದಿನ ದಿನ ಬೇಡ. ಹಲ್ಲು ಕೀಳಿಸೋದಕ್ಕೂ ಇದೇ ಮಾತು.

ಶಾಲೆಯವರಿಗೆ ಹೇಳೋದರಲ್ಲಿ ನಮಗೆ ಒಂದು ತಾಪತ್ರಯ ಇತ್ತು. ಮಗಳಿಗೆ ಗೈಡ್ ಕ್ಯಾಪ್ಟನ್, ಮಗನಿಗೆ ಸ್ಕೌಟ್ ಮಾಸ್ಟರ್, ಚಿಕ್ಕವನಿಗೆ ಕಬ್ ಮಾಸ್ಟರ್. ಮೂವರು ಟೀಚರ್, ಮೂರು ವಾಟ್ಸಾಪ್ ಗ್ರೂಪ್. ಒಬ್ಬರಿಗೆ ಹೇಳಿದರೆ ಉಳಿದಿಬ್ಬರಿಗೂ ಗೊತ್ತಿರುತ್ತೆ ಅಂತ ನಾನು ತಿಳಿದಿದ್ದೆ. ಇಲ್ಲ. ಈಗ ತಿಂಗಳ ಒಂದನೇ ತಾರೀಖು ಮೂವರಿಗೂ ಬೇರೆ ಬೇರೆ ಮೆಸೇಜ್ ಹಾಕ್ತೀನಿ, ಇಂಥ ದಿನ ಮಗು ಬರಲ್ಲ ಅಂತ. ಅವತ್ತು ಬೆಳಗ್ಗೆ ಎದ್ದು ಹೇಳಿದರೆ ಅವರಿಗೂ ಕಷ್ಟ. ಮೊದಲೇ ಹೇಳಿದರೆ ಒಂದು ಪರೀಕ್ಷೆಯನ್ನು ಬೇರೆ ದಿನ ಮಾಡಿ ಲಾಗ್ ಬುಕ್ಕಿಗೆ ಸಹಿ ಹಾಕಿಕೊಡ್ತಾರೆ. ಕೆಲವೊಮ್ಮೆ ಸ್ಕೌಟ್, ಆರೋಗ್ಯ ಎರಡೂ ಒಂದೇ ಕಡೆ ಕೂಡಿಬರೋದೂ ಉಂಟು. ಪಲ್ಸ್ ಪೋಲಿಯೊ ಭಾನುವಾರ ಮಗಳಿಗೆ ಬೂತಲ್ಲಿ ಸೇವೆ ಇತ್ತು, ಅಂಗನವಾಡಿಯ ಪುಟ್ಟಿಗೆ ಅದೇ ಬೂತಲ್ಲಿ ಹನಿ ಹಾಕಿಸಿ ಬಂದೆವು. ಮಗಳು ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದನ್ನು, ಸ್ಕೌಟ್ ಗೈಡ್‌ಗಳು ಮಾಡಬೇಕಾದ ದಿನಕ್ಕೊಂದು ಒಳ್ಳೆಯ ಕೆಲಸ ಅಂತ ಬರೆದುಕೊಂಡಳು. ಮನೆ ಕೆಲಸ ಲೆಕ್ಕಕ್ಕೆ ಬರಲ್ಲ ಅಂತ ತಮ್ಮ ಜಗಳ ತೆಗೆದ. ಆ ಪಂಚಾಯ್ತಿ ಇನ್ನೂ ಮುಗಿದಿಲ್ಲ.

ಹುಷಾರಿಲ್ಲದ ಮಗುವನ್ನು ಕಳಿಸಬೇಡಿ. ಇದರಲ್ಲಿ ನಾನು ಒಂದು ಸಲ ಸೋತಿದ್ದೇನೆ. ಸೀಗೆಗುಡ್ಡಕ್ಕೆ ಹೈಕ್ ಇತ್ತು, ಮಗನಿಗೆ ಎರಡು ದಿನದಿಂದ ಕೆಮ್ಮು. ಅಳ್ತಾನೆ ಅಂತ ಬಿಟ್ಟೆ. ಅರ್ಧ ಗುಡ್ಡದಲ್ಲಿ ಉಸಿರು ಎಳೆಯೋಕೆ ಶುರುವಾಯಿತು. ಇನ್‌ಹೇಲರ್ ಇತ್ತು, ಆದರೆ ಬ್ಯಾಗಲ್ಲಿ, ಬ್ಯಾಗು ಕೆಳಗೆ ವ್ಯಾನಲ್ಲಿ. ಒಬ್ಬ ಹುಡುಗ ಓಡಿ ಹೋಗಿ ತಂದ. ಈಗ ಇನ್‌ಹೇಲರ್ ಅವನ ಜೇಬಲ್ಲೇ, ಇನ್ನೊಂದು ಮಾಸ್ಟರ್ ಹತ್ತಿರ. ಹೊರಡೋ ಮೊದಲು ಅದರಲ್ಲಿ ಔಷಧಿ ಉಳಿದಿದೆಯಾ ಅಂತ ನೋಡ್ತೀನಿ. ಶಿಬಿರಾಗ್ನಿ ಇದ್ದರೆ ಹೊಗೆ ಬರದ ಕಡೆ ಕೂರಿಸಿ ಅಂತ ಚೀಟಿಯಲ್ಲೇ ಬರೀತೀನಿ. ಮುಂದಿನ ಸಲ ಕೆಮ್ಮು ಇದ್ದಾಗ ಬೇಡ ಅಂದೆ. ಎರಡು ದಿನ ಮಾತು ಬಿಟ್ಟ. ಬಿಡಲಿ.

ಕೊನೆಯದಾಗಿ, ಕ್ಯಾಂಪಿಗೆ ಹೋಗುವ ಮಗು ಮನೆಯಲ್ಲಿ ಏನು ಮಾಡ್ತಾ ಇತ್ತು ಅಂತ ನೋಡಿ. ಇದು ನನಗೆ ತಡವಾಗಿ ಹೊಳೆಯಿತು. ಮಾವನ ಕಣ್ಣಿನ ಪೊರೆ ಆಪರೇಷನ್ ಆದ ಮೇಲೆ ಕೆಲವು ವಾರ ದಿನಕ್ಕೆ ಹಲವು ಸಲ ಡ್ರಾಪ್ಸ್ ಹಾಕಬೇಕಿತ್ತು. ಆ ಕೆಲಸ ನನ್ನ ಮಗನದ್ದು. ಅಷ್ಟರಲ್ಲಿ ಅವನಿಗೆ ದೊಡ್ಡಬಳ್ಳಾಪುರದ ಶಿಬಿರ ಬಂತು, ಐದು ದಿನ. ಹೊರಡುವ ಹಿಂದಿನ ಸಂಜೆ ಅವನೇ ಒಂದು ಹಾಳೆಯಲ್ಲಿ ಚೌಕ ಎಳೆದ. ಬೆಳಗ್ಗೆ 7, ಮಧ್ಯಾಹ್ನ 1, ಸಂಜೆ 5, ರಾತ್ರಿ 9. ಮೇಲೆ ದಪ್ಪ ಅಕ್ಷರದಲ್ಲಿ "ಮೊದಲು ಸೋಪಲ್ಲಿ ಕೈ ತೊಳೆಯಿರಿ, ಬಾಟಲಿ ಮೂತಿ ಕಣ್ಣಿಗೆ ತಾಗಬಾರದು". ಡ್ರಾಪ್ಸ್ ಹಾಕೋದು ವಾರಗಿತ್ತಿ, ಗಡಿಯಾರ ನೋಡಿ ಕರೆದು ಟಿಕ್ ಹಾಕೋದು ಕಬ್.

ನಾಲ್ಕನೇ ದಿನ ಬೆಳಗ್ಗೆ ನೋಡಿದರೆ ಐದನೇ ದಿನದ ಟಿಕ್ಕೂ ಬಿದ್ದಿತ್ತು. ಯಾಕಪ್ಪ ಅಂದರೆ, "ಅಣ್ಣನ ಸ್ಕೌಟಲ್ಲಿ ಸಿದ್ಧವಾಗಿರು ಅಂತಾರಲ್ವಾ ದೊಡ್ಡಮ್ಮ" ಅಂದ. ಪೆನ್ನು ಕಿತ್ತುಕೊಂಡು ವಾರಗಿತ್ತಿಯ ಕೈಗೆ ಕೊಟ್ಟೆ. ಹನಿ ಹಾಕಿದವರೇ ಟಿಕ್ ಹಾಕೋದು. ಅವನಿಗೆ ಬರೀ ಗಡಿಯಾರ.