ಬ್ಯಾಸಿಲಸ್‌ನ ಸ್ಪೋರ್‌ಗೆ ಬಣ್ಣ ಹಿಡಿಸುವುದು ಹೇಗೆ?

ಗ್ರಾಂ ಬಣ್ಣ (ಬ್ಯಾಕ್ಟೀರಿಯಾ ಗುಂಪುಗಳನ್ನು ಬೇರ್ಪಡಿಸಿ ತೋರಿಸುವ ಬಣ್ಣ) ಹಾಕಿದ ಸ್ಲೈಡಿನಲ್ಲಿ ಬ್ಯಾಸಿಲಸ್ ಬ್ಯಾಕ್ಟೀರಿಯಾದ ನೇರಳೆ ಕಡ್ಡಿಗಳ ಒಳಗೆ ಬಣ್ಣವೇ ಹಿಡಿಯದ ಖಾಲಿ ಚುಕ್ಕೆ ಕಂಡರೆ ಅದು ಸ್ಪೋರ್ (ಕಷ್ಟಕಾಲ ದಾಟಲು ಬ್ಯಾಕ್ಟೀರಿಯಾ ಕಟ್ಟಿಕೊಳ್ಳುವ ಗಟ್ಟಿ ರೂಪ) ಇರಬಹುದು, ಕೊಬ್ಬಿನ ಕಣವೂ ಇರಬಹುದು. ಖಾತ್ರಿ ಮಾಡಿಕೊಳ್ಳಲು 1933ರ ಶೇಫರ್–ಫುಲ್ಟನ್ ವಿಧಾನವೇ ಇವತ್ತಿಗೂ ಸಾಕು.

ಸ್ಪೋರ್‌ನ ಒಳತಿರುಳಿನಲ್ಲಿ ನೀರು ತೀರಾ ಕಡಿಮೆ, ಕ್ಯಾಲ್ಸಿಯಂ ಡೈಪಿಕೋಲಿನೇಟ್ ಎಂಬ ಲವಣ ಹೇರಳ. ಅದರ ಸುತ್ತ ಕಾರ್ಟೆಕ್ಸ್ ಎಂಬ ದಪ್ಪ ಪದರ, ಅದರ ಹೊರಗೆ ಪ್ರೋಟೀನಿನ ಹಲವು ಪದರಗಳು. ತಣ್ಣಗಿನ ಬಣ್ಣ ಇವನ್ನು ದಾಟಲು ಹೆಣಗುತ್ತದೆ. ಬಿಸಿ ತಾಗಿದರೆ ಒಳಹೋಗುತ್ತದೆ. ಹೋದ ಬಣ್ಣವನ್ನು ನೀರು ಹೊರಗೆ ತರಲಾರದು. ಸಾಮಾನ್ಯ ಕೋಶದಿಂದ ಮಾತ್ರ ಸಲೀಸಾಗಿ ತೊಳೆದುಹೋಗುತ್ತದೆ. ಹಾಗಾಗಿ ಬಣ್ಣ ತೆಗೆಯಲು ಇಲ್ಲಿ ಗ್ರಾಂ ವಿಧಾನದ ಆಲ್ಕೋಹಾಲ್ ಬೇಡ, ನಲ್ಲಿ ನೀರೇ ಸಾಕು.

ಬ್ಯಾಸಿಲಸ್ ಸಬ್ಟಿಲಿಸ್ ಅನ್ನು ನ್ಯೂಟ್ರಿಯೆಂಟ್ ಅಗಾರ್ (ಪೋಷಕಾಂಶ ಬೆರೆಸಿದ ಜೆಲ್ಲಿ) ಪ್ಲೇಟಿನ ಮೇಲೆ 37 ಡಿಗ್ರಿಯಲ್ಲಿ 48ರಿಂದ 72 ಗಂಟೆ ಬೆಳೆಸಿ. ಆಹಾರ ತೀರುತ್ತಾ ಬಂದಾಗಲೇ ಅದು ಸ್ಪೋರ್ ಕಟ್ಟುವುದು. ರಾತ್ರಿ ಇಟ್ಟು ಬೆಳಿಗ್ಗೆ ತೆಗೆದ ಪ್ಲೇಟಿನಲ್ಲಿ ಹುಡುಕಿದರೆ ಬರಿಗೈ. ಒಂದು ಹನಿ ನೀರಿನಲ್ಲಿ ಲೂಪಿನ (ತುದಿಯಲ್ಲಿ ಬಳೆಯಿರುವ ತಂತಿ) ತುದಿಗೆ ಅಂಟಿದಷ್ಟನ್ನೇ ಕಲಸಿ ತೆಳುವಾಗಿ ಸವರಿ. ಅದೇ ಸ್ಲೈಡಿನ ಇನ್ನೊಂದು ತುದಿಗೆ ಸ್ಪೋರ್ ಕಟ್ಟದ ಇ. ಕೋಲಿ ಬ್ಯಾಕ್ಟೀರಿಯಾ ಸವರಿಟ್ಟರೆ ಹೋಲಿಕೆಗೆ ಆಗುತ್ತದೆ. ಗಾಳಿಗೆ ಒಣಗಿಸಿ, ಜ್ವಾಲೆಯ ಮೇಲೆ ಎರಡು ಮೂರು ಸಲ ಹಾಯಿಸಿ.

ಈಗ ಕುದಿಯುವ ನೀರಿನ ಬೀಕರ್ ಮೇಲೆ ಸ್ಲೈಡ್ ಇಟ್ಟು, ಅದಕ್ಕಿಂತ ಚಿಕ್ಕದಾಗಿ ಕತ್ತರಿಸಿದ ಬ್ಲಾಟಿಂಗ್ ಪೇಪರ್ ಹೊದಿಸಿ, 5% ಮ್ಯಾಲಕೈಟ್ ಗ್ರೀನ್ ಎಂಬ ಹಸಿರು ಬಣ್ಣ ತುಂಬಿ. ಹಬೆ ಏಳಲು ಶುರುವಾದ ಮೇಲೆ ಐದು ನಿಮಿಷ. ಹಾಲು ಉಕ್ಕುವಾಗ ಒಲೆ ಮುಂದೆ ನಿಲ್ಲುವಂತೆ ಇಲ್ಲೂ ನಿಲ್ಲಬೇಕು: ಬಣ್ಣ ಕುದಿಯಬಾರದು, ಒಣಗಲೂಬಾರದು, ಕಡಿಮೆಯಾದಂತೆ ಹನಿ ಸೇರಿಸುತ್ತಿರಿ. ಒಣಗಿದರೆ ಹಸಿರು ಹರಳುಗಳು ಕೂತು ಸ್ಪೋರ್ ಎಂದು ಏಮಾರಿಸುತ್ತವೆ.

ಸ್ಲೈಡ್ ತಣಿದ ಮೇಲೆ ಚಿಮಟದಿಂದ ಕಾಗದ ತೆಗೆದು, ಸಣ್ಣ ಧಾರೆಯಲ್ಲಿ ಸುಮಾರು 30 ಸೆಕೆಂಡ್ ತೊಳೆಯಿರಿ. ಬಿಸಿ ಗಾಜಿಗೆ ನೀರು ಬಿಟ್ಟರೆ ಚಟ್ ಎಂದು ಒಡೆಯಬಹುದು. ನಂತರ 0.5% ಸ್ಯಾಫ್ರನಿನ್ ಎಂಬ ಕೆಂಪು ಬಣ್ಣ ಒಂದು ನಿಮಿಷ. ಮತ್ತೆ ತೊಳೆದು ಒತ್ತಿ ಒಣಗಿಸಿ.

ಎಣ್ಣೆ ಹಾಕಿ 100 ಪಟ್ಟಿನ ಲೆನ್ಸಿನಲ್ಲಿ ನೋಡಿ. ಗುಲಾಬಿ ಕಡ್ಡಿಯ ನಡುವೆ ಹಸಿರು ಅಂಡಾಕಾರ. ಕಡ್ಡಿ ಕರಗಿಹೋದ ಕಡೆ ಹಸಿರು ಕಾಳುಗಳಷ್ಟೇ. ಸಬ್ಟಿಲಿಸ್‌ನಲ್ಲಿ ಕಡ್ಡಿ ಉಬ್ಬುವುದಿಲ್ಲ. ಧನುರ್ವಾಯು ತರುವ ಕ್ಲಾಸ್ಟ್ರಿಡಿಯಂ ಟೆಟನಿಯಲ್ಲಿ ಸ್ಪೋರ್ ದುಂಡಗೆ ತುದಿಯಲ್ಲಿ ಕೂತು, ಇಡೀ ಕೋಶ ನಗಾರಿ ಬಾರಿಸುವ ಕೋಲಿನಂತೆ ಕಾಣುತ್ತದೆ.

ಎಲ್ಲವೂ ಗುಲಾಬಿಯೇ? ಪ್ಲೇಟ್ ಎಳೆಯದು, ಇಲ್ಲವೇ ಹಬೆ ಸಾಲದು. ಇ. ಕೋಲಿಯೂ ಹಸಿರಾಗಿದ್ದರೆ ಸವರಿದ್ದು ದಪ್ಪ ಅಥವಾ ತೊಳೆದದ್ದು ಕಡಿಮೆ.

ಮ್ಯಾಲಕೈಟ್ ಗ್ರೀನ್ ವಿಷಕಾರಿ. ಕೈಗವಸು ಹಾಕಿ, ಉಳಿದ ಬಣ್ಣವನ್ನು ಸಿಂಕಿಗೆ ಸುರಿಯಬೇಡಿ. ಪ್ಲೇಟುಗಳು ಆಟೋಕ್ಲೇವ್‌ಗೆ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಪಾತ್ರೆ), 121 ಡಿಗ್ರಿಯಲ್ಲಿ ಕನಿಷ್ಠ 15 ನಿಮಿಷ. ಮೇಜನ್ನು ಸ್ಪಿರಿಟ್‌ನಿಂದ ಒರೆಸಿ ಕೈಬಿಡಬೇಡಿ, ಅದಕ್ಕೆ ಸ್ಪೋರ್ ಸಾಯುವುದಿಲ್ಲ. ಹೊಸದಾಗಿ ಕಲಸಿದ ಬ್ಲೀಚ್ ನೀರು ಬೇಕು.